ಡಿಟಾಕ್ಸ್ ಪುಡಿಯಲ್ಲಿ ಕರಿಮೆಣಸು ಯಾಕಿದೆ?

ಪ್ರಶ್ನೆ: ನಮ್ಮ ಯಜಮಾನರಿಗೆ 58 ವರ್ಷ. ಎಂಟು ತಿಂಗಳ ಹಿಂದೆ ಹೃದಯಕ್ಕೆ ಸ್ಟೆಂಟ್ ಹಾಕಿದ್ದಾರೆ. ಕ್ಲೊಪಿಡೊಗ್ರೆಲ್, ಆಸ್ಪಿರಿನ್, ಅಟೊರ್ವಾಸ್ಟಾಟಿನ್ ನಡೆಯುತ್ತಿದೆ. ಮಂಡಿನೋವಿಗೆ ಆಗಾಗ ಪ್ಯಾರಾಸಿಟಮಾಲ್. ನಮ್ಮ ಬಿಲ್ಡಿಂಗಿನಲ್ಲೇ ಒಬ್ಬರು ಲಿವರ್ ಡಿಟಾಕ್ಸ್ ಪುಡಿ ಮಾರುತ್ತಾರೆ. "ಇಷ್ಟೊಂದು ಮಾತ್ರೆಯ ವಿಷ ಲಿವರಿನಲ್ಲೇ ಕೂತಿರುತ್ತೆ, 45 ದಿನ ಇದನ್ನು ಕುಡಿದರೆ ತೊಳೆದು ಹೋಗುತ್ತೆ, ಮೊದಲ 15 ದಿನ ಬೇರೆ ಮಾತ್ರೆ ಬಿಟ್ಟರೆ ಇನ್ನೂ ಒಳ್ಳೆಯದು" ಅನ್ನುತ್ತಾರೆ. ಪುಡಿ ಶುರು ಮಾಡಿ ಒಂಬತ್ತು ದಿನ ಆಯಿತು. ಮೂತ್ರ ಗಾಢ ಹಳದಿ, ಹೊಟ್ಟೆ ಸಡಿಲ. ಕಸ ಹೋಗ್ತಿದೆ ಅಂತಾರೆ ಅವರು. ಜೊತೆಗೆ ಆಂಟಿಆಕ್ಸಿಡೆಂಟ್ ಕ್ಯಾಪ್ಸೂಲ್ ಬೇರೆ. ಮಾತ್ರೆ ಬಿಡಿಸಲು ಮಾತ್ರ ನನಗೆ ಧೈರ್ಯ ಬರಲಿಲ್ಲ. ಎರಡೂ ಡಬ್ಬಿಯ ಲೇಬಲ್ ಫೋಟೊ ಕಳಿಸಿದ್ದೇನೆ. ಏನು ಮಾಡಲಿ?
ಓದುಗರೊಬ್ಬರು, ಡೊಂಬಿವಲಿ

ಉತ್ತರ:

ನಿಮಗೆ ಧೈರ್ಯ ಬಾರದೆ ಇದ್ದದ್ದೇ ಒಳ್ಳೆಯದಾಯ್ತು. ಮೊದಲು ಅದನ್ನೇ ಹೇಳಿಬಿಡುತ್ತೇನೆ. ಉಳಿದದ್ದನ್ನು ಚಹಾ ಕುಡಿಯುತ್ತಾ ನಿಧಾನವಾಗಿ ಓದಿ. ಹೃದಯದ ಮಾತ್ರೆಗಳನ್ನು ಒಂದು ದಿನವೂ ಬಿಡಿಸಬೇಡಿ. ಅವನ್ನು ನಿಲ್ಲಿಸುವುದಿದ್ದರೆ ಸ್ಟೆಂಟ್ ಹಾಕಿದ ವೈದ್ಯರೇ ಹೇಳಬೇಕು. ಪುಡಿಯನ್ನು ಇವತ್ತೇ ನಿಲ್ಲಿಸಿ. ಕ್ಯಾಪ್ಸೂಲ್ ಕೂಡ.

ಮಾತ್ರೆ ಬಿಡುವ ಮಾತು ಯಾಕಿಷ್ಟು ಅಪಾಯ ಅನ್ನುವುದನ್ನು ಕ್ಲೊಪಿಡೊಗ್ರೆಲ್‌ನಿಂದಲೇ ತಿಳಿಯೋಣ. "ಮಾತ್ರೆ ಲಿವರಿನಲ್ಲಿ ಕೂತಿರುತ್ತೆ" ಅನ್ನುವ ಮಾತಿಗೂ ಅಲ್ಲೇ ಉತ್ತರ ಇದೆ. ಬೆಳಿಗ್ಗೆ ನುಂಗಿದ ಕ್ಲೊಪಿಡೊಗ್ರೆಲ್ ಇನ್ನೂ ಮದ್ದೇ ಅಲ್ಲ. ಅದರಲ್ಲಿ ನೂರಕ್ಕೆ ಸುಮಾರು 85 ಪಾಲನ್ನು ಮೈಯೊಳಗಿನ ಒಂದು ಎಂಜೈಮ್, ಅಂದರೆ ಒಂದು ವಸ್ತುವನ್ನು ಇನ್ನೊಂದಾಗಿ ಬದಲಾಯಿಸುವ ಪ್ರೋಟೀನ್, ಹಾಗೇ ಕೆಡಿಸಿಬಿಡುತ್ತದೆ. ಉಳಿದ 15 ಪಾಲನ್ನು ಲಿವರಿನ ಬೇರೆ ಎಂಜೈಮ್‌ಗಳು ಎರಡು ಹಂತದಲ್ಲಿ ಬದಲಾಯಿಸುತ್ತವೆ. ಆಗ ಅದು ನಿಜವಾದ ಮದ್ದಾಗುತ್ತದೆ. ಆ ಮದ್ದಿನ ಆಯಸ್ಸೂ ಚಿಕ್ಕದು, ಅರ್ಧ ಗಂಟೆಯಲ್ಲಿ ಅರ್ಧಕ್ಕೆ ಇಳಿಯುತ್ತದೆ. ಆದರೆ ಅಷ್ಟರಲ್ಲಿ ರಕ್ತದ ಪ್ಲೇಟ್‌ಲೆಟ್‌ಗಳಿಗೆ ಅಂಟಿಕೊಂಡು ಅವು ಒಂದಕ್ಕೊಂದು ಗಂಟುಬೀಳದಂತೆ ಮಾಡಿರುತ್ತದೆ. ಆ ಪ್ಲೇಟ್‌ಲೆಟ್ ಸಾಯುವತನಕ, ಅಂದರೆ ಏಳರಿಂದ ಹತ್ತು ದಿನ, ಅದು ಹಾಗೇ ಇರುತ್ತದೆ.

ಅಂದರೆ ಮಾತ್ರೆ ಸಂಜೆಯೊಳಗೆ ಹೋಗಿಬಿಟ್ಟಿರುತ್ತದೆ, ಕೆಲಸ ಮಾತ್ರ ಉಳಿದಿರುತ್ತದೆ. ಮಾತ್ರೆ ಬಿಟ್ಟರೆ ದಿನಕ್ಕಿಷ್ಟು ಹೊಸ ಪ್ಲೇಟ್‌ಲೆಟ್ ಹುಟ್ಟಿ ವಾರದೊಳಗೆ ರಕ್ಷಣೆ ಕರಗುತ್ತದೆ. ನಿಮ್ಮ ಬಿಲ್ಡಿಂಗಿನವರು ಹೇಳಿದ 15 ದಿನದಲ್ಲಿ ಎರಡನೇ ವಾರ ಪೂರ್ತಿ ನಿಮ್ಮ ಯಜಮಾನರ ಸ್ಟೆಂಟ್ ಬೆತ್ತಲೆಯಾಗಿ ಇರುತ್ತಿತ್ತು. ಅಲ್ಲಿ ರಕ್ತ ಹೆಪ್ಪುಗಟ್ಟಿದರೆ ಏನಾಗುತ್ತದೆ ಅಂತ ನಾನು ಬರೆಯಬೇಕಿಲ್ಲ.

ಉಳಿದ ಮಾತ್ರೆಗಳ ಲೆಕ್ಕವೂ ಹೀಗೇ. ಪ್ಯಾರಾಸಿಟಮಾಲ್ ಎರಡು ಮೂರು ಗಂಟೆಗೊಮ್ಮೆ ಅರ್ಧ ಅರ್ಧ ಕಮ್ಮಿ ಆಗುತ್ತದೆ. ಕೊಲೆಸ್ಟ್ರಾಲ್ ಇಳಿಸುವ ಅಟೊರ್ವಾಸ್ಟಾಟಿನ್‌ಗೆ ಸುಮಾರು 14 ಗಂಟೆ. ಲಿವರಿನಲ್ಲಿ ಯಾವುದೂ ಕೆಸರಿನ ಹಾಗೆ ಕೂರುವುದಿಲ್ಲ. ಮೈಯಲ್ಲಿ ವಾರಗಟ್ಟಲೆ ಉಳಿಯುವ ಮದ್ದುಗಳೂ ಇವೆ. ಎದೆಬಡಿತ ಸರಿಪಡಿಸಲು ಕೊಡುವ ಅಮಿಯೊಡರೋನ್ ಅಂಥದ್ದು. ಆದರೆ ಅದು ಕೊಬ್ಬಿನಲ್ಲಿ ಸೇರಿಕೊಳ್ಳುತ್ತದೆ, ಯಾವ ಪುಡಿ ಕುಡಿದರೂ ಅಲ್ಲಿಂದ ಎದ್ದು ಬರುವುದಿಲ್ಲ. ನಿಮ್ಮ ಪಟ್ಟಿಯಲ್ಲಿ ಅದಿಲ್ಲ ಬಿಡಿ.

ನಮ್ಮ ಮುಂಬಯಿಯವರಿಗೆ ಲಿವರ್ ಅಂದರೆ ನಾಲಾ ಕಣ್ಣಮುಂದೆ ಬರುತ್ತದೆ ಅಂತ ಕಾಣುತ್ತದೆ. ಮಳೆಗಾಲಕ್ಕೆ ಮುಂಚೆ ಹೂಳೆತ್ತಬೇಕು, ಇಲ್ಲದಿದ್ದರೆ ತುಂಬಿ ಹರಿಯುತ್ತದೆ! ಡಿಟಾಕ್ಸ್ ಮಾರುವವರು ಇದೇ ಚಿತ್ರವನ್ನು ಮಾರುತ್ತಾರೆ. ಲಿವರ್ ನಾಲಾ ಅಲ್ಲ, ಸೋಸುವ ಜರಡಿಯೂ ಅಲ್ಲ. ಅದೊಂದು ಕಾರ್ಖಾನೆ. ಬಂದ ಮಾಲನ್ನು ಹಿಡಿದಿಡುವುದಿಲ್ಲ, ರೂಪ ಬದಲಾಯಿಸಿ ಕಳಿಸುತ್ತದೆ.

ರೂಪ ಯಾಕೆ ಬದಲಾಯಿಸಬೇಕು? ದೀಪಾವಳಿಯ ಎಣ್ಣೆಸ್ನಾನ ನೆನಪಿಸಿಕೊಳ್ಳಿ. ಬರೀ ನೀರು ಎಷ್ಟು ಸುರಿದರೂ ಎಣ್ಣೆ ಹೋಗಲ್ಲ, ಸೀಗೆಪುಡಿಯೋ ಕಡಲೆಹಿಟ್ಟೋ ಬೇಕು. ನಾವು ನುಂಗುವ ಮದ್ದುಗಳಲ್ಲಿ ಬಹಳಷ್ಟು ಎಣ್ಣೆಯ ಜಾತಿಯವು. ಹಾಗಿರುವುದರಿಂದಲೇ ಅವು ಕರುಳಿನ ಗೋಡೆ ದಾಟಿ ಒಳಗೆ ಬರುತ್ತವೆ. ಆದರೆ ಮೂತ್ರ ನೀರು. ಎಣ್ಣೆಯ ಜಾತಿಯದು ಅದರಲ್ಲಿ ಹೊರಗೆ ಹೋಗಲ್ಲ. ಹಾಗಾಗಿ ಲಿವರ್ ಎರಡು ಕೆಲಸ ಮಾಡುತ್ತದೆ. ಮೊದಲು ಮದ್ದಿನ ಕಣಕ್ಕೆ ಒಂದು ಹಿಡಿ ಕೂರಿಸುತ್ತದೆ, ಸೌಟಿಗೆ ಹಿಡಿ ಕೂರಿಸಿದ ಹಾಗೆ. ಆಮೇಲೆ ಆ ಹಿಡಿಗೆ ನೀರಿನಲ್ಲಿ ಕರಗುವ ಒಂದು ಗಂಟು ಕಟ್ಟುತ್ತದೆ. ಗ್ಲುಕುರಾನಿಕ್ ಆಮ್ಲ, ಸಲ್ಫೇಟ್, ಗ್ಲುಟಾಥಯೋನ್, ಇವೇ ಆ ಗಂಟುಗಳು. ಗಂಟು ಬಿದ್ದಮೇಲೆ ಅದು ಮೂತ್ರದಲ್ಲೋ ಪಿತ್ತದಲ್ಲೋ ಹೊರಟುಹೋಗುತ್ತದೆ. ಕೆಲವು ಮದ್ದಿಗೆ ಹಿಡಿ ಮೊದಲೇ ಇರುತ್ತದೆ, ಅವಕ್ಕೆ ನೇರವಾಗಿ ಗಂಟು.

ಹಿಡಿ ಕೂರಿಸುವ ಎಂಜೈಮ್‌ಗಳ ದೊಡ್ಡ ಕುಟುಂಬಕ್ಕೆ ಸೈಟೊಕ್ರೋಮ್ ಪಿ450 ಅಂತ ಹೆಸರು. ಮನುಷ್ಯರಲ್ಲಿ ಇವುಗಳ 57 ಜೀನ್ ಇವೆ. ಮನೆಯಲ್ಲಿ ಮಕ್ಕಳಿಗೆ ಹೆಸರಿಟ್ಟ ಹಾಗೆ 3ಎ4, 2ಸಿ19, 2ಇ1 ಅಂತ ಒಂದೊಂದಕ್ಕೂ ನಂಬರ್.

ಈ 450 ಎಲ್ಲಿಂದ ಬಂತು ಅಂತ ಹೇಳದೆ ನನಗೆ ಮುಂದೆ ಹೋಗಲಾಗುವುದಿಲ್ಲ. ಪರೇಲ್ ಕಡೆಯ ಒಂದು ಲ್ಯಾಬಿನಲ್ಲಿ ನನ್ನ ಅರ್ಧ ಆಯಸ್ಸು ಈ ನಂಬರಿನ ಹಿಂದೆಯೇ ಹೋಯಿತು. ಇಲಿಯ ಲಿವರ್ ತೆಗೆದು, ಮಂಜಿನಂಥ ತಣ್ಣನೆ ಸಕ್ಕರೆ ನೀರಿನಲ್ಲಿ ಗಾಜಿನ ಕೊಳವೆಯೊಳಗೆ ಅರೆಯುತ್ತಿದ್ದೆವು. ಚಟ್ನಿಗಿಂತ ನುಣ್ಣಗೆ. ಅದನ್ನು ಒಮ್ಮೆ ತಿರುಗಿಸಿ ಗಸಿ ಬಿಸಾಕಿ, ಮೇಲಿನ ತಿಳಿಯನ್ನು ದೊಡ್ಡ ಯಂತ್ರದಲ್ಲಿ ಭೂಮಿಯ ಎಳೆತದ ಒಂದು ಲಕ್ಷ ಪಟ್ಟು ಬಲದಲ್ಲಿ ಒಂದು ಗಂಟೆ ತಿರುಗಿಸಬೇಕು. ಕೊಳವೆಯ ತಳದಲ್ಲಿ ತುಕ್ಕಿನ ಬಣ್ಣದ, ಜೆಲ್ಲಿಯಂಥ ಒಂದು ಬೊಟ್ಟು ಉಳಿಯುತ್ತದೆ. ಎಂಜೈಮ್ ಇರುವುದು ಆ ಬೊಟ್ಟಿನಲ್ಲಿ. ಅದಕ್ಕೆ ಡೈಥಯೊನೈಟ್ ಹಾಕಿ ಇಂಗಾಲದ ಮೊನಾಕ್ಸೈಡ್ ಗುಳ್ಳೆ ಬಿಟ್ಟರೆ 450 ನ್ಯಾನೊಮೀಟರಿನ ಬೆಳಕನ್ನು ಅದು ಹೀರಿಕೊಳ್ಳುತ್ತದೆ. ಕಾಗದದ ಮೇಲೆ ಒಂದು ಗುಡ್ಡ ಏಳುತ್ತದೆ. 1964ರಲ್ಲಿ ಜಪಾನಿನ ಓಮುರಾ ಮತ್ತು ಸಾಟೊ ವಿವರವಾಗಿ ಬರೆದಿಟ್ಟ ವಿಧಾನ ಇದು. ಆ ಗುಡ್ಡದ ಜಾಗವೇ ಹೆಸರಾಯಿತು.

ಎಂಜೈಮ್ ಕೆಟ್ಟರೆ ಗುಡ್ಡ ಜಾರಿ 420ಕ್ಕೆ ಬರುತ್ತದೆ. ಒಂದು ಮೇ ತಿಂಗಳಲ್ಲಿ ಐಸ್ ತರುವ ಹುಡುಗ ತಡವಾಗಿ ಬಂದ, ನಾನು ಅವಸರ ಮಾಡಿದೆ, ಮೂರು ದಿನದ ಕೆಲಸ 420ಕ್ಕೆ ಹೋಗಿ ಕೂತಿತು. ಪಕ್ಕದ ಬೆಂಚಿನ ಮರಾಠಿ ಗೆಳೆಯ ಕಾಗದ ನೋಡಿ "ಚಾರ್ ಸೌ ಬೀಸ್!" ಅಂತ ಕೂಗಿದ. ಲ್ಯಾಬಿಗೆ ಲ್ಯಾಬೇ ನಕ್ಕಿತು. 2024ರ ಜುಲೈಯಿಂದ ವಂಚನೆಯ ಕಲಮಿನ ನಂಬರ್ ಬದಲಾಗಿದೆ, ಬೈಗುಳ ಮಾತ್ರ ಬದಲಾಗಿಲ್ಲ.

ಸರಿ, ವಿಷಯಕ್ಕೆ ಬರುತ್ತೇನೆ. ಡಿಟಾಕ್ಸ್ ಅಂದ ತಕ್ಷಣ ವಿಷ ತೆಗೆಯುವುದು ಅಂದುಕೊಳ್ಳುತ್ತೇವೆ. ಈ ಎಂಜೈಮ್‌ಗಳಿಗೆ ವಿಷ ಯಾವುದು, ಮದ್ದು ಯಾವುದು ಅಂತ ಗೊತ್ತಿಲ್ಲ. ಕೈಗೆ ಬಂದದ್ದಕ್ಕೆ ಹಿಡಿ ಕೂರಿಸುತ್ತವೆ. ಒಮ್ಮೊಮ್ಮೆ ಆ ಹಿಡಿಯೇ ಚೂರಿ ಆಗುತ್ತದೆ. ಇದಕ್ಕೆ ನಿಮ್ಮ ಮನೆಯ ಮದ್ದಿನ ಡಬ್ಬದಲ್ಲಿರುವ ಪ್ಯಾರಾಸಿಟಮಾಲ್‌ಗಿಂತ ಒಳ್ಳೆ ಉದಾಹರಣೆ ಇಲ್ಲ.

ಒಂದು ಮಾತ್ರೆ ನುಂಗಿದರೆ ಅದರಲ್ಲಿ ಹೆಚ್ಚುಕಡಿಮೆ ಪೂರ್ತಿ ಪಾಲಿಗೆ ನೇರವಾಗಿ ಗ್ಲುಕುರಾನಿಕ್ ಆಮ್ಲದ್ದೋ ಸಲ್ಫೇಟಿನದ್ದೋ ಗಂಟು ಬೀಳುತ್ತದೆ. ಏನೂ ತೊಂದರೆ ಇಲ್ಲ. ನೂರಕ್ಕೆ ಐದೋ ಹತ್ತೋ ಪಾಲು ಮಾತ್ರ 2ಇ1 ಎಂಬ ಪಿ450 ಕೈಗೆ ಸಿಗುತ್ತದೆ. ಅದು ಕೂರಿಸುವ ಹಿಡಿಯಿಂದ ನ್ಯಾಪ್‌ಕ್ವಿ ಅನ್ನುವ ಉರಿಮೂತಿ ಕಣ ಹುಟ್ಟುತ್ತದೆ. ಹತ್ತಿರ ಏನು ಸಿಕ್ಕರೂ ಅಂಟಿಕೊಂಡು ಕೆಡಿಸುವ ಜಾತಿ. ನೆನಪಿಡಿ, ಈ ವಿಷ ಮಾತ್ರೆಯಲ್ಲಿ ಇರಲಿಲ್ಲ. ನಮ್ಮದೇ ಲಿವರ್ ಮಾಡಿದ್ದು.

ಅಲ್ಲೇ ಕಾದು ನಿಂತಿರುತ್ತದೆ ಗ್ಲುಟಾಥಯೋನ್. ಮೂರೇ ಅಮೈನೊ ಆಮ್ಲದ ಪುಟ್ಟ ಸರ, ನಡುವೆ ಗಂಧಕ ಇರುವ ಸಿಸ್ಟೀನ್. ನ್ಯಾಪ್‌ಕ್ವಿಯನ್ನು ಮೈಮೇಲೆ ಎಳೆದುಕೊಂಡು ಅದರ ಜೊತೆಗೇ ಹೊರಗೆ ಹೋಗುತ್ತದೆ. ಒಂದು ನ್ಯಾಪ್‌ಕ್ವಿಗೆ ಒಂದು ಗ್ಲುಟಾಥಯೋನ್ ಖರ್ಚು. ಒಂದೆರಡು ಮಾತ್ರೆಗೆ ಲಿವರ್ ಆ ಖರ್ಚನ್ನು ಮತ್ತೆ ತುಂಬಿಕೊಳ್ಳುತ್ತದೆ. ಒಮ್ಮೆಗೇ ಮುಷ್ಟಿ ತುಂಬ ನುಂಗಿದರೆ ತುಂಬಿಕೊಳ್ಳಲು ಪುರುಸೊತ್ತು ಇಲ್ಲ. ದಾಸ್ತಾನಿನ ನೂರಕ್ಕೆ ಸುಮಾರು 70 ಪಾಲು ಖಾಲಿಯಾದ ಮೇಲೆ ನ್ಯಾಪ್‌ಕ್ವಿ ಲಿವರಿನ ಪ್ರೋಟೀನಿಗೇ ಅಂಟುತ್ತದೆ, ಜೀವಕೋಶ ಸಾಯುತ್ತದೆ. 1973ರಲ್ಲಿ ಅಮೆರಿಕದ ಸರ್ಕಾರಿ ಲ್ಯಾಬಿನವರು ಇದನ್ನು ಇಲಿ ಮತ್ತು ಸುಂಡಿಲಿಗಳಲ್ಲಿ ಹಂತ ಹಂತವಾಗಿ ತೋರಿಸಿದರು. ಅದರಿಂದಲೇ ಪ್ರತಿಮದ್ದೂ ಸಿಕ್ಕಿತು. ಸಿಸ್ಟೀನ್ ಒದಗಿಸುವ ಎನ್-ಅಸೆಟೈಲ್ ಸಿಸ್ಟೀನ್ ಕೊಟ್ಟರೆ ಲಿವರ್ ಗ್ಲುಟಾಥಯೋನ್ ಕಟ್ಟಿಕೊಳ್ಳುತ್ತದೆ. ಮಿತಿಮೀರಿ ನುಂಗಿದ 8 ಗಂಟೆಯೊಳಗೆ ಕೊಟ್ಟರೆ ಹೆಚ್ಚುಕಡಿಮೆ ಎಲ್ಲರೂ ಉಳಿಯುತ್ತಾರೆ. ಆದರೆ ಮೊದಲ ದಿನ ರೋಗಿ ಆರಾಮಾಗಿಯೇ ಕಾಣುತ್ತಾರೆ. ಒಂದಿಷ್ಟು ವಾಕರಿಕೆ, ಅಷ್ಟೇ. ಲಿವರ್ ಕೈಕೊಡುವುದು ಎರಡು ಮೂರು ದಿನಕ್ಕೆ. ಹಾಗಾಗಿ ಯಾರೇ ಜಾಸ್ತಿ ನುಂಗಿದ್ದು ಗೊತ್ತಾದರೂ, ಏನೂ ಆಗಿಲ್ಲವಲ್ಲ ಅಂತ ಮನೆಯಲ್ಲಿ ಕೂರಬಾರದು.

ಈಗ ಯೋಚಿಸಿ. ಯಾರಾದರೂ ಬಂದು "ನಿಮ್ಮ ಲಿವರಿನ ಡಿಟಾಕ್ಸ್ ಎಂಜೈಮ್‌ಗಳನ್ನು ಚುರುಕು ಮಾಡುತ್ತೇನೆ" ಅಂದರೆ ಖುಷಿಪಡಬೇಕೆ? 2ಇ1 ಚುರುಕಾದರೆ ನ್ಯಾಪ್‌ಕ್ವಿ ಜಾಸ್ತಿ ಆಗುತ್ತದೆ. ದಿನಾ ಕುಡಿಯುವವರಲ್ಲಿ ಆಗುವುದು ಇದೇ. ಹೆಂಡ 2ಇ1 ಅನ್ನು ಹೆಚ್ಚಿಸುತ್ತದೆ, ಊಟ ಸರಿಯಿಲ್ಲದೆ ಗ್ಲುಟಾಥಯೋನ್ ಇಳಿದಿರುತ್ತದೆ. ಆರೋಗ್ಯವಂತ ದೊಡ್ಡವರಿಗೆ ಪ್ಯಾರಾಸಿಟಮಾಲ್ ಮಿತಿ ದಿನಕ್ಕೆ 4 ಗ್ರಾಂ. ಕುಡಿಯುವವರಿಗೆ, ತೀರಾ ಸೊರಗಿದವರಿಗೆ ವೈದ್ಯರು ಅದಕ್ಕಿಂತ ಕಮ್ಮಿ ಹೇಳುತ್ತಾರೆ. ನಿಮ್ಮ ಯಜಮಾನರು ಮಂಡಿಗೆ ಆಗಾಗ ಒಂದು 650 ತೆಗೆದುಕೊಂಡರೆ ಹೆದರಬೇಡಿ. ಒಂದೇ ಒಂದು ಎಚ್ಚರಿಕೆ ಇರಲಿ. ಕ್ರೋಸಿನ್, ಡೋಲೊ, ಕಾಲ್ಪಾಲ್ ಹೆಸರು ಬೇರೆಬೇರೆ, ಒಳಗೆ ಇರುವುದು ಪ್ಯಾರಾಸಿಟಮಾಲೇ. ನೆಗಡಿ ಮಾತ್ರೆಗಳಲ್ಲೂ ಅದು ಬೆರೆತಿರುತ್ತದೆ. ಜ್ವರ, ನೆಗಡಿ, ಮಂಡಿನೋವು ಒಟ್ಟಿಗೆ ಬಂದ ದಿನ ಮೂರು ಪಟ್ಟಿಯಿಂದ ಒಂದೇ ಮದ್ದನ್ನು ಮೂರು ಸಲ ನುಂಗಿಬಿಡುತ್ತೇವೆ.

ಈಗ ನಿಮ್ಮ ಪುಡಿಯ ಲೇಬಲ್. ಫೋಟೊ ಹಿಗ್ಗಿಸಿ ಎರಡು ಸಲ ಓದಿದೆ. ಅರಿಶಿನದ ಸಾರ 500 ಮಿ.ಗ್ರಾಂ, ಕರಿಮೆಣಸಿನ ಸಾರ 10 ಮಿ.ಗ್ರಾಂ, ಗ್ರೀನ್ ಟೀ ಸಾರ, ಅಮೃತಬಳ್ಳಿ, ಸೋನಾಮುಖಿ, ಬಿ ವಿಟಮಿನ್‌ಗಳು.

ಹಳದಿ ಮೂತ್ರದ ಗುಟ್ಟು ಇಲ್ಲೇ ಇದೆ. ಬಿ2 ವಿಟಮಿನ್, ಅಂದರೆ ರೈಬೊಫ್ಲೇವಿನ್, ಹುಟ್ಟಿನಿಂದಲೇ ಹಳದಿ. ಬೇಕಾದಷ್ಟು ಉಳಿಸಿಕೊಂಡು ಮಿಕ್ಕಿದ್ದನ್ನು ಮೈ ಹೊರಗೆ ಹಾಕುತ್ತದೆ. ಬಿ-ಕಾಂಪ್ಲೆಕ್ಸ್ ತೆಗೆದುಕೊಂಡ ಎಲ್ಲರಿಗೂ ಹೀಗೇ. ಹೊಟ್ಟೆ ಸಡಿಲ ಆದದ್ದು ಸೋನಾಮುಖಿಯಿಂದ. ಅಜ್ಜಿಯರ ಕಾಲದಿಂದ ಗೊತ್ತಿರುವ ಭೇದಿ ಮದ್ದು ಅದು. ಲಿವರಿನಿಂದ ಕಸ ಹೋಗ್ತಿಲ್ಲ, ಕರುಳಿನಿಂದ ನೀರು ಹೋಗ್ತಿದೆ. ಜೊತೆಗೆ ಪೊಟ್ಯಾಸಿಯಂ ಕೂಡ. ಸ್ಟೆಂಟ್ ಇರುವವರಿಗೆ ಅದು ಒಳ್ಳೆಯದಲ್ಲ.

ನನಗೆ ನಗು ತಂದದ್ದು ಮಾತ್ರ ಕರಿಮೆಣಸು. ಅದು ಅಲ್ಲಿ ಯಾಕಿದೆ ಗೊತ್ತಾ?

ಅರಿಶಿನದ ಕರ್ಕ್ಯುಮಿನ್ ಬಾಯಿಯಿಂದ ತೆಗೆದುಕೊಂಡರೆ ರಕ್ತಕ್ಕೆ ಬಹಳ ಕಮ್ಮಿ ಸೇರುತ್ತದೆ. ಕರುಳಿನ ಗೋಡೆ ಮತ್ತು ಲಿವರ್ ಅದಕ್ಕೆ ತಕ್ಷಣ ಗಂಟು ಕಟ್ಟಿ ಹೊರಗೆ ಕಳಿಸಿಬಿಡುತ್ತವೆ. ಡಿಟಾಕ್ಸ್ ಅಂದರೆ ಇದೇ ಅಲ್ವಾ! 1998ರಲ್ಲಿ ನಮ್ಮ ಬೆಂಗಳೂರಿನ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನವರು 2 ಗ್ರಾಂ ಕರ್ಕ್ಯುಮಿನ್ ಜೊತೆಗೆ 20 ಮಿ.ಗ್ರಾಂ ಪೈಪರಿನ್ ಕೊಟ್ಟು ನೋಡಿದರು. ಪೈಪರಿನ್ ಅಂದರೆ ಕರಿಮೆಣಸಿನ ಖಾರದ ಸಾರ. ರಕ್ತಕ್ಕೆ ಸೇರುವ ಕರ್ಕ್ಯುಮಿನ್ ಸುಮಾರು 20 ಪಟ್ಟು ಏರಿತು. ಇದು ಹೇಗೆ ಆಗುತ್ತದೆ ಅನ್ನುವುದನ್ನು ಜಮ್ಮುವಿನ ಸರ್ಕಾರಿ ಪ್ರಯೋಗಾಲಯ 1985ರಲ್ಲೇ ಬರೆದಿತ್ತು. ಪೈಪರಿನ್ ಲಿವರಿನ ಹಿಡಿ ಕೂರಿಸುವ ಎಂಜೈಮ್‌ಗಳನ್ನೂ ಗಂಟು ಕಟ್ಟುವ ಎಂಜೈಮ್‌ಗಳನ್ನೂ ತಡೆಯುತ್ತದೆ. ಶುಂಠಿ, ಮೆಣಸು, ಹಿಪ್ಪಲಿ ಸೇರಿದ ತ್ರಿಕಟುವನ್ನು ನಮ್ಮ ಪಂಡಿತರು ಅಷ್ಟೊಂದು ಔಷಧಿಗೆ ಯಾಕೆ ಬೆರೆಸುತ್ತಿದ್ದರು ಅಂತ ಕೆದಕಿದಾಗ ಸಿಕ್ಕ ವಿಷಯ ಅದು. ಬಹಳ ಚೆಂದದ ಕೆಲಸ. 2009ರಲ್ಲಿ ಅದರಿಂದಲೇ ಒಂದು ಟಿಬಿ ಮಾತ್ರೆ ಬಂತು. ರಿಫಾಂಪಿಸಿನ್ 450 ಮಿ.ಗ್ರಾಂ ಬದಲು 200, ಜೊತೆಗೆ 10 ಮಿ.ಗ್ರಾಂ ಪೈಪರಿನ್.

ಅಂದರೆ ಡಿಟಾಕ್ಸ್ ಮಾಡುವ ಎಂಜೈಮ್‌ಗಳನ್ನು ಕಟ್ಟಿಹಾಕುವ ವಸ್ತುವನ್ನೇ ಡಿಟಾಕ್ಸ್ ಪುಡಿಗೆ ಬೆರೆಸಿದ್ದಾರೆ. ಹಾಗೆ ಕಟ್ಟಿಹಾಕದಿದ್ದರೆ ಪುಡಿಯ ಮುಖ್ಯ ಸರಕು ಮೈಗೆ ಹತ್ತುವುದೇ ಇಲ್ಲ. ಲಿವರ್ ತನ್ನ ಕೆಲಸ ಎಷ್ಟು ಚೆನ್ನಾಗಿ ಮಾಡುತ್ತಿದೆ ಅನ್ನುವುದಕ್ಕೆ ಆ ಲೇಬಲ್ಲೇ ಸಾಕ್ಷಿ.

ಪೈಪರಿನ್ ಕರ್ಕ್ಯುಮಿನ್ ಒಂದನ್ನೇ ನೋಡಿ ಬಾಗಿಲು ತೆರೆಯುವುದಿಲ್ಲ. ಎದೆಬಡಿತದ ಪ್ರೊಪ್ರನೊಲಾಲ್, ದಮ್ಮಿನ ಥಿಯೋಫಿಲಿನ್, ಫಿಟ್ಸಿನ ಫೆನಿಟಾಯಿನ್, ಇವೆಲ್ಲ ಪೈಪರಿನ್ ಜೊತೆಗೆ ರಕ್ತದಲ್ಲಿ ಏರುವುದನ್ನು ಮನುಷ್ಯರಲ್ಲೇ ನೋಡಿದ್ದಾರೆ. ನಿಮ್ಮ ಯಜಮಾನರ ಅಟೊರ್ವಾಸ್ಟಾಟಿನ್ ಕಳಚುವುದು ಮುಖ್ಯವಾಗಿ 3ಎ4ನಿಂದ. ಪೈಪರಿನ್ ತಡೆಯುವ ಎಂಜೈಮ್‌ಗಳಲ್ಲಿ ಅದೂ ಒಂದು. ಅಟೊರ್ವಾಸ್ಟಾಟಿನ್ ರಕ್ತದಲ್ಲಿ ಏರಿದರೆ ಸ್ನಾಯು ನೋಯಬಹುದು. ಈ ಒಂಬತ್ತು ದಿನದಲ್ಲಿ ತೊಡೆ, ತೋಳಿನ ಸ್ನಾಯು ಕಾರಣವಿಲ್ಲದೆ ನೋಯುತ್ತಿದ್ದರೆ ವೈದ್ಯರಿಗೆ ತಪ್ಪದೆ ಹೇಳಿ.

ಅರಿಶಿನವೇ ಲಿವರಿಗೆ ತೊಂದರೆ ಕೊಡುತ್ತದೆಯೆ ಅಂದರೆ, ಸಾಂಬಾರಿನ ಅರಿಶಿನ ಖಂಡಿತ ಅಲ್ಲ. ಅದರಲ್ಲಿ ಕರ್ಕ್ಯುಮಿನ್ ನೂರಕ್ಕೆ ಮೂರು ಪಾಲಿನ ಆಸುಪಾಸು. 500 ಮಿ.ಗ್ರಾಂ ಸಾರ, ಅದೂ ಬಾಗಿಲು ಕಾಯುವವನನ್ನು ಕಟ್ಟಿಹಾಕಿ, ಅದು ಬೇರೆ ಮಾತು. ಮದ್ದಿನಿಂದ ಲಿವರಿಗೆ ಆಗುವ ಹಾನಿಯನ್ನು ದಾಖಲಿಸುವ ಅಮೆರಿಕದ ತಂಡ 2022ರಲ್ಲಿ ಅರಿಶಿನದ ಕ್ಯಾಪ್ಸೂಲಿನಿಂದಾದ 10 ಪ್ರಕರಣ ಪ್ರಕಟಿಸಿತು. ಒಬ್ಬರು ತೀರಿಕೊಂಡಿದ್ದರು. ಗ್ರೀನ್ ಟೀ ಸಾರದ ಕತೆಯೂ ಹೀಗೇ. ಚಹಾ ಕುಡಿದರೆ ತೊಂದರೆ ಇಲ್ಲ. ಸಾರ ತೆಗೆದು ದಿನಕ್ಕೆ 800 ಮಿ.ಗ್ರಾಂ ಮತ್ತು ಮೇಲೆ ಇಜಿಸಿಜಿ (ಗ್ರೀನ್ ಟೀಯ ಮುಖ್ಯ ಸತ್ವ) ತೆಗೆದುಕೊಂಡರೆ ಲಿವರ್ ಪರೀಕ್ಷೆ ಏರುಪೇರಾಗುತ್ತದೆ ಅಂತ ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ 2018ರಲ್ಲಿ ಹೇಳಿತು.

ಅಮೃತಬಳ್ಳಿಯ ವಿಷಯ ನಮ್ಮ ಊರಿನದೇ. ಕೊರೊನಾ ಕಾಲದಲ್ಲಿ ಇಲ್ಲಿ ಮನೆಮನೆಯಲ್ಲಿ ಗಿಲೋಯ್ ಕುದಿಯುತ್ತಿತ್ತು, ನಿಮಗೂ ನೆನಪಿರಬೇಕು. 2020ರ ಸೆಪ್ಟೆಂಬರಿನಿಂದ ಡಿಸೆಂಬರಿನೊಳಗೆ ಲಿವರ್ ಕೆಟ್ಟು ಬಂದ ಆರು ಮಂದಿಯ ಬಗ್ಗೆ ಮುಂಬಯಿಯ ವೈದ್ಯರು 2021ರಲ್ಲಿ ಬರೆದರು. ಗಿಡ ಗುರುತಿಸುವುದರಲ್ಲಿ ತಪ್ಪಾಗಿದೆ, ಹೋಲುವ ಬೇರೆ ಬಳ್ಳಿ ಇರಬೇಕು ಅಂತ ಆಯುಷ್ ಸಚಿವಾಲಯ ಒಪ್ಪಲಿಲ್ಲ. ಮರುವರ್ಷ ದೇಶದ 13 ಆಸ್ಪತ್ರೆಗಳಿಂದ 43 ರೋಗಿಗಳ ವರದಿ ಬಂತು. ಕುಡಿದ ಎಲ್ಲರಿಗೂ ಹೀಗಾಗುವುದಿಲ್ಲ. ಮೈಯ ಪ್ರತಿರೋಧ ತನ್ನ ಲಿವರಿನ ಮೇಲೇ ತಿರುಗಿಬೀಳುವ ಪ್ರವೃತ್ತಿ ಇರುವವರಲ್ಲಿ ಈ ಬಳ್ಳಿ ಅದನ್ನು ಕೆಣಕುತ್ತದೆ ಅನ್ನಿಸುತ್ತದೆ. ಆ ಪ್ರವೃತ್ತಿ ಇದೆಯೋ ಇಲ್ಲವೋ ಕುಡಿಯುವ ಮುಂಚೆ ಯಾರಿಗೂ ಗೊತ್ತಿರುವುದಿಲ್ಲ. ನನ್ನ ಲೆಕ್ಕದಲ್ಲಿ ಅಷ್ಟು ಸಾಕು ದೂರ ಇಡಲು.

ಇನ್ನು ಆಂಟಿಆಕ್ಸಿಡೆಂಟ್ ಕ್ಯಾಪ್ಸೂಲ್. ಅದರ ಹಿಂದಿನ ವಿಜ್ಞಾನ ಸುಳ್ಳಲ್ಲ. ಉಸಿರಾಡುವ ಆಮ್ಲಜನಕದಲ್ಲಿ ಒಂದಿಷ್ಟು ಪಾಲು ಜೀವಕೋಶದೊಳಗೆ ಅರೆಬರೆ ಬೆಂದು ಕಿಡಿ ಕಾರುತ್ತದೆ. ನಮ್ಮ ಪಿ450 ಕೂಡ ಕೆಲಸ ಮಾಡುತ್ತಾ ಅಂಥ ಕಿಡಿ ಚೆಲ್ಲುತ್ತದೆ. ಕಿಡಿ ಜಾಸ್ತಿ, ನಂದಿಸುವ ಕೈ ಕಮ್ಮಿ ಆದಾಗ ಆಕ್ಸಿಡೇಟಿವ್ ಸ್ಟ್ರೆಸ್ ಅನ್ನುತ್ತೇವೆ. 1985ರಲ್ಲಿ ಜರ್ಮನಿಯ ಹೆಲ್ಮುಟ್ ಸೀಸ್ ಇಟ್ಟ ಹೆಸರು ಅದು. ಆದರೆ ನಂದಿಸುವವರು ಯಾರು ಅನ್ನುವುದರಲ್ಲೇ ಮಾರುವವರು ಜಾರಿಕೊಳ್ಳುತ್ತಾರೆ. ಕ್ಯಾಪ್ಸೂಲ್ ಅಲ್ಲ, ಎಂಜೈಮ್‌ಗಳು.

ಮನೆಯಲ್ಲೇ ನೋಡಬಹುದು. ಮೆಡಿಕಲ್‌ನಿಂದ ಗಾಯ ತೊಳೆಯುವ 3 ಪರ್ಸೆಂಟ್ ಹೈಡ್ರೋಜನ್ ಪೆರಾಕ್ಸೈಡ್ ತನ್ನಿ. ಹಸಿ ಆಲೂಗಡ್ಡೆಯ ಬಿಲ್ಲೆಯ ಮೇಲೆ ನಾಲ್ಕು ಹನಿ ಹಾಕಿ. ಬುರುಬುರು ನೊರೆ ಬರುತ್ತದೆ. ಬೇಯಿಸಿದ ಆಲೂಗಡ್ಡೆಯ ಮೇಲೆ ಹಾಕಿ. ಸುಮ್ನೆ ನೀರಿನ ಹಾಗೆ ನಿಲ್ಲುತ್ತದೆ. ಆ ನೊರೆ ಎಬ್ಬಿಸುವುದು ಕೆಟಲೇಸ್ ಎಂಬ ಎಂಜೈಮ್. ಪೆರಾಕ್ಸೈಡನ್ನು ನೀರು ಮತ್ತು ಆಮ್ಲಜನಕವಾಗಿ ಒಡೆಯುತ್ತದೆ. ಬೇಯಿಸಿದಾಗ ಅದು ಸತ್ತಿತು. ನಮ್ಮ ಲಿವರ್ ಇದೇ ಕೆಟಲೇಸಿನಿಂದ ತುಂಬಿದೆ. ಜೊತೆಗೆ ಗ್ಲುಟಾಥಯೋನ್ ಇದೆ, ಅದು ಕಿಡಿಗೆ ಬಲಿಯಾದ ಮೇಲೆ ಮತ್ತೆ ಸರಿಮಾಡುವ ಎಂಜೈಮ್ ಇದೆ. ಹೊರಗಿನಿಂದ ಗ್ಲುಟಾಥಯೋನ್ ನುಂಗಿದರೆ ಬಹುಪಾಲು ಹೊಟ್ಟೆಯಲ್ಲೇ ತುಂಡಾಗುತ್ತದೆ. ಬೆಳ್ಳಗಾಗಲು ಅದನ್ನು ಡ್ರಿಪ್ ಹಾಕಿಸಿಕೊಳ್ಳುವವರೂ ಈ ಊರಲ್ಲಿದ್ದಾರೆ, ಅವರ ಬಗ್ಗೆ ಇನ್ನೊಂದು ದಿನ ಜಗಳ ಆಡೋಣ.

ಈ ಗ್ಲುಟಾಥಯೋನ್ ಸರಿಮಾಡುವ ಕೆಲಸ ಹುಟ್ಟಿನಿಂದಲೇ ಕುಂಟುವವರೂ ಇದ್ದಾರೆ. ಜಿ6ಪಿಡಿ ಎಂಬ ಎಂಜೈಮ್ ಕಮ್ಮಿ ಇರುವವರು. ಮಳೆಗಾಲದಲ್ಲಿ ವೈವ್ಯಾಕ್ಸ್ ಮಲೇರಿಯಾ ಬಂದು 14 ದಿನದ ಪ್ರೈಮಾಕ್ವಿನ್ ಕೊಡುವಾಗ ಅವರ ಕೆಂಪು ರಕ್ತಕಣಗಳು ಒಡೆಯಬಹುದು, ಅದಕ್ಕೇ ಮೊದಲು ಜಿ6ಪಿಡಿ ಪರೀಕ್ಷೆ ಮಾಡಿಸುವುದು. ಅಂಥ ಕೂಸಿನ ಬಟ್ಟೆಯ ನಡುವೆ ಇಟ್ಟ ನುಸಿಗುಳಿಗೆಯೂ ಅದೇ ಹಾನಿ ಮಾಡಬಲ್ಲದು. ಊರಿನಿಂದ ಬರುವ ಮೊಮ್ಮಕ್ಕಳಿಗೆ ಟ್ರಂಕಿನ ಹಳೆ ಕಂಬಳಿ ತೆಗೆಯುವ ಅಜ್ಜಿಯರು ಇದನ್ನು ನೆನಪಿಟ್ಟರೆ ಸಾಕು.

ನಿಮ್ಮ ಕ್ಯಾಪ್ಸೂಲಿನ ಲೇಬಲ್‌ನಲ್ಲಿ ವಿಟಮಿನ್ ಇ 400 ಯೂನಿಟ್ ಅಂತ ಇದೆ. ಬೀಟಾ ಕೆರೋಟಿನ್ ಕೂಡ. ಎರಡನ್ನೂ ದೊಡ್ಡ ಪ್ರಯೋಗಗಳಲ್ಲಿ ನೋಡಿ ಆಗಿದೆ. ಫಿನ್‌ಲ್ಯಾಂಡಿನಲ್ಲಿ 29,133 ಗಂಡಸರು, ಎಲ್ಲರೂ ಸಿಗರೇಟು ಸೇದುವವರು. ಬೀಟಾ ಕೆರೋಟಿನ್ ಕೊಟ್ಟರೆ ಶ್ವಾಸಕೋಶದ ಕ್ಯಾನ್ಸರ್ ಇಳಿಯುತ್ತದೆ ಅಂತ ನಂಬಿ ಕೊಟ್ಟರು. 1994ರಲ್ಲಿ ಲೆಕ್ಕ ತೆಗೆದರೆ 18 ಪರ್ಸೆಂಟ್ ಜಾಸ್ತಿ ಆಗಿತ್ತು. ಅಮೆರಿಕದಲ್ಲಿ ಅಂಥದ್ದೇ ಇನ್ನೊಂದನ್ನು 1996ರಲ್ಲಿ ಅರ್ಧಕ್ಕೇ ನಿಲ್ಲಿಸಬೇಕಾಯಿತು. ವಿಟಮಿನ್ ಇ ಅನ್ನು ಸರಿಯಾಗಿ ನಿಮ್ಮ ಡಬ್ಬಿಯ ಪ್ರಮಾಣದಲ್ಲೇ, 400 ಯೂನಿಟ್, ನಡುವಯಸ್ಸು ದಾಟಿದ ಗಂಡಸರಿಗೆ ಕೊಟ್ಟ ಪ್ರಯೋಗದ ಫಲ 2011ರಲ್ಲಿ ಬಂತು. ಪ್ರೋಸ್ಟೇಟ್ ಕ್ಯಾನ್ಸರ್ 17 ಪರ್ಸೆಂಟ್ ಜಾಸ್ತಿ. ಕಿಡಿಗಳೆಲ್ಲ ಶತ್ರುಗಳಲ್ಲ ಅನ್ನುವುದು ಒಂದು ಕಾರಣ ಇರಬೇಕು. ಬಿಳಿ ರಕ್ತಕಣ ಕ್ರಿಮಿಗಳನ್ನು ಕೊಲ್ಲುವುದೇ ಇವುಗಳಿಂದ. ಬ್ಲೀಚಿಂಗ್ ಪುಡಿಯಲ್ಲಿರುವಂಥ ಕ್ಲೋರಿನ್ ವಸ್ತುವನ್ನು ಅದು ತಾನೇ ತಯಾರಿಸಿ ಕ್ರಿಮಿಯ ಮೇಲೆ ಸುರಿಯುತ್ತದೆ. ಇನ್ನೊಂದು ಮಾತು, ನಿಮ್ಮ ಯಜಮಾನರು ಆಸ್ಪಿರಿನ್, ಕ್ಲೊಪಿಡೊಗ್ರೆಲ್ ಎರಡೂ ತೆಗೆದುಕೊಳ್ಳುತ್ತಿದ್ದಾರೆ. ಜಾಸ್ತಿ ವಿಟಮಿನ್ ಇ ಕೂಡ ರಕ್ತ ಸೋರುವ ಕಡೆಗೇ ತಳ್ಳುತ್ತದೆ. ವಸಡಿನಲ್ಲಿ ರಕ್ತ, ಮೈಮೇಲೆ ಕಾರಣವಿಲ್ಲದ ನೀಲಿ ಕಲೆ, ಕಪ್ಪು ಮಲ ಕಂಡರೆ ಕಾಯಬೇಡಿ.

ಎಂಜೈಮ್‌ಗಳನ್ನೇ ಹೆಚ್ಚಿಸುವ ಆಹಾರ ಇಲ್ಲವೆ ಅಂತ ಕೇಳುತ್ತೀರಿ. ಇದೆ. ಮೂಲಂಗಿ, ಸಾಸಿವೆ, ಎಲೆಕೋಸು, ನವಿಲುಕೋಸು. ಕಚ್ಚಿದಾಗ ಮೂಗಿಗೆ ಏರುವ ಘಾಟು ಇದೆಯಲ್ಲ, ಆ ಜಾತಿಯ ವಸ್ತುಗಳು ಗ್ಲುಟಾಥಯೋನ್ ಗಂಟು ಕಟ್ಟುವ ಎಂಜೈಮ್‌ಗಳ ಜೀನನ್ನು ಎಬ್ಬಿಸುತ್ತವೆ. 1992ರಲ್ಲಿ ಬ್ರೊಕೊಲಿಯಿಂದ ಇದನ್ನು ಬೇರ್ಪಡಿಸಿ ತೋರಿಸಿದ್ದು ಅಮೆರಿಕದ ಪಾಲ್ ಟಲಾಲೆ ಅವರ ಲ್ಯಾಬ್. ತಮಾಷೆ ಏನೆಂದರೆ ಆ ಘಾಟು ಸ್ವತಃ ಸಣ್ಣ ವಿಷವೇ. ಲಿವರ್ ಅದಕ್ಕೆ ಬೆಚ್ಚಿ ತಯಾರಾಗುತ್ತದೆ. ಮೂಲಂಗಿ ಕೋಸಂಬರಿ ಮಾಡಿ, ಚೆನ್ನಾಗಿರುತ್ತದೆ. ಅದರಿಂದ ಮಾತ್ರೆ ಬಿಡಬಹುದು ಅಂತ ಮಾತ್ರ ಅಲ್ಲ.

ಮಾಡಬೇಕಾದದ್ದು ಇಷ್ಟು. ಹತ್ತಿರದ ಲ್ಯಾಬಿನಲ್ಲಿ ಲಿವರ್ ಫಂಕ್ಷನ್ ಟೆಸ್ಟ್ ಮಾಡಿಸಿ. ಎಸ್‌ಜಿಪಿಟಿ, ಎಸ್‌ಜಿಒಟಿ, ಬಿಲಿರುಬಿನ್ ಅದರಲ್ಲಿ ಬರುತ್ತದೆ. ಹೊಟ್ಟೆ ಸಡಿಲ ಆಗಿದ್ದರಿಂದ ಪೊಟ್ಯಾಸಿಯಂ ಕೂಡ ನೋಡಲು ಹೇಳಿ. ಸ್ಟಾಟಿನ್ ತೆಗೆದುಕೊಳ್ಳುವ ಕೆಲವರಲ್ಲಿ ಎಸ್‌ಜಿಪಿಟಿ ಸ್ವಲ್ಪ ಮೇಲಿರುವುದು ಉಂಟು, ವರದಿ ನೋಡಿ ನೀವೇ ಗಾಬರಿಪಟ್ಟು ಮಾತ್ರೆ ನಿಲ್ಲಿಸಬೇಡಿ. ವರದಿ, ಎರಡು ಡಬ್ಬಿ, ಎಲ್ಲ ಮಾತ್ರೆ ಪಟ್ಟಿ ಒಂದು ಚೀಲಕ್ಕೆ ಹಾಕಿ ವೈದ್ಯರ ಮೇಜಿನ ಮೇಲಿಡಿ. ಆಸಿಡಿಟಿಗೆ ಒಮೆಪ್ರಜೋಲ್ ತೆಗೆದುಕೊಳ್ಳುತ್ತಿದ್ದರೆ ಅದನ್ನೂ ಹೇಳಿ. ಅದು 2ಸಿ19 ಅನ್ನು ತಡೆಯುತ್ತದೆ, ಕ್ಲೊಪಿಡೊಗ್ರೆಲ್ ಮದ್ದಾಗಲು ಆ ಎಂಜೈಮೇ ಬೇಕು. ಕಣ್ಣು ಹಳದಿ, ಮೂತ್ರ ಚಹಾ ಡಿಕಾಕ್ಷನ್ ಬಣ್ಣ, ಮೈ ತುರಿಕೆ, ಊಟ ಬೇಡ ಅನ್ನಿಸುವುದು, ಇವುಗಳಲ್ಲಿ ಯಾವುದಾದರೂ ಕಂಡರೆ ಅದೇ ದಿನ ತೋರಿಸಿ. ಬಿ2 ಹಳದಿ ನಿಂಬೆಯ ಬಣ್ಣ, ಪುಡಿ ನಿಲ್ಲಿಸಿದ ಒಂದೆರಡು ದಿನದಲ್ಲಿ ಹೋಗುತ್ತದೆ. ಲಿವರ್ ಕೆಟ್ಟು ಬಂದ ಡಿಕಾಕ್ಷನ್ ಬಣ್ಣ ಹಾಗೆ ಹೋಗುವುದಿಲ್ಲ.

ಇಷ್ಟು ಓದಿದ ಮೇಲೆ ಮೆಣಸಿನ ಸಾರೂ ನಿಲ್ಲಿಸಬೇಕೇನೋ ಅಂತ ನಿಮಗೆ ಅನ್ನಿಸಬಹುದು. ಬೇಡ. ಕಾಲು ಚಮಚ ಮೆಣಸಿನಪುಡಿಯಲ್ಲೂ 20-30 ಮಿ.ಗ್ರಾಂ ಪೈಪರಿನ್ ಇದೆ, ಸುಳ್ಳು ಹೇಳುವುದಿಲ್ಲ. ಆದರೆ ಅದನ್ನು ಅನ್ನಕ್ಕೆ ಕಲಸಿ ಊಟದ ಜೊತೆ ತಿನ್ನುತ್ತೇವೆ. ಅವರು ಚಿಕ್ಕಂದಿನಿಂದ ತಿನ್ನುತ್ತಿರುವ ಊಟಕ್ಕೇ ವೈದ್ಯರು ಮಾತ್ರೆಯ ಪ್ರಮಾಣ ಹೊಂದಿಸಿದ್ದಾರೆ. ಹೊಸದಾಗಿ ಸೇರುವುದೇ ತೊಂದರೆ ಕೊಡುವುದು. ಚಕ್ಕೋತ ನೋಡಿ. ಅದರ ವಂಶದ ಗ್ರೇಪ್‌ಫ್ರೂಟ್ ರಸವನ್ನು ಕೆನಡಾದವರು ಒಂದು ಪ್ರಯೋಗದಲ್ಲಿ ಹೆಂಡದ ರುಚಿ ಮುಚ್ಚಲು ಬೆರೆಸಿದ್ದರು. ಬಿಪಿ ಮಾತ್ರೆ ರಕ್ತದಲ್ಲಿ ಸಿಕ್ಕಾಪಟ್ಟೆ ಏರಿತು. 1989ರ ಮಾತು. ರಸ ಕರುಳಿನ 3ಎ4 ಅನ್ನು ಕೆಡಿಸಿತ್ತು. ಚಕ್ಕೋತದಲ್ಲೂ ಆ ವಸ್ತುಗಳಿವೆ. ಗಣಪತಿ ಹಬ್ಬಕ್ಕೆ ಮಾರ್ಕೆಟ್ಟಿಗೆ ಪಪನಸ್, ಅಂದರೆ ಇದೇ ಚಕ್ಕೋತ, ಬಂದಾಗ ಪ್ರಸಾದಕ್ಕೆ ಎರಡು ತೊಳೆ ಕೊಡಿ, ಏನೂ ಆಗಲ್ಲ. ದಿನಾ ಲೋಟ ತುಂಬ ರಸ ಹಿಂಡಿ ಕೊಡಬೇಡಿ.